ನೆಲ ಕೊಟ್ಟು ನೆಮ್ಮದಿ ಕೊಳ್ಳಬಹುದೇ?

ಉಕ್ರೇನ್ ಯುದ್ಧ ಶುರುವಾದ ವಾರದಲ್ಲಿ ಖಾರ್ಕೀವ್ ಎಂಬ ಊರಿನ ಹೆಸರು ಕರ್ನಾಟಕದ ಹಳ್ಳಿಹಳ್ಳಿಗೂ ಗೊತ್ತಾಗಿತ್ತು. ವೈದ್ಯಕೀಯ ಓದಲು ಹೋಗಿದ್ದ ನಮ್ಮ ಮಕ್ಕಳು ಅಲ್ಲಿನ ಮೆಟ್ರೊ ನಿಲ್ದಾಣಗಳಲ್ಲಿ, ನೆಲಮಾಳಿಗೆಗಳಲ್ಲಿ ಅಡಗಿ ಕೂತಿದ್ದರು. 2022ರ ಮಾರ್ಚ್ 1ರಂದು ನಮ್ಮ ರಾಜ್ಯದ ವಿದ್ಯಾರ್ಥಿಯೊಬ್ಬ ಅಲ್ಲಿ ಶೆಲ್ ದಾಳಿಗೆ ಬಲಿಯಾದ. ಉಳಿದ ಮಕ್ಕಳು ಮನೆಗೆ ಬಂದರು, ಸುದ್ದಿ ಒಳಪುಟಕ್ಕೆ ಸರಿಯಿತು. ಯುದ್ಧ ಮಾತ್ರ ಮುಗಿಯಲಿಲ್ಲ. ಈಗ ಆ ವಿಷಯ ಬಂದಾಗಲೆಲ್ಲ ಹೋಟೆಲಿನ ಮೇಜಿನಿಂದ ಟಿವಿ ಚರ್ಚೆಯವರೆಗೆ ಕೇಳಿಬರುವುದು ಒಂದೇ ಪ್ರಶ್ನೆ: ‘ಇನ್ನೂ ಎಷ್ಟು ಜನ ಸಾಯಬೇಕು? ಒಂದಿಷ್ಟು ಜಾಗ ಬಿಟ್ಟುಕೊಟ್ಟು ಸುಮ್ಮನಾಗಬಾರದಾ?’ ಇದಕ್ಕೆ ಎದುರುತ್ತರವೂ ಸಿದ್ಧ: ‘ಬೆರಳು ಕೊಟ್ಟರೆ ಹಸ್ತ ನುಂಗೋ ಜನ ಅವರು.’

ಹೊಲದ ಬದುವಿನ ಜಗಳ ಕಂಡವರಿಗೆ ಈ ಎರಡೂ ಮಾತು ಹೊಸದಲ್ಲ. ಪಕ್ಕದವನು ಎರಡಡಿ ಒತ್ತಿ ಉತ್ತರೆ ‘ಹಾಳಾಗಿ ಹೋಗಲಿ’ ಎಂದು ಬಿಟ್ಟವರಿದ್ದಾರೆ. ಆ ಎರಡಡಿಗಾಗಿ ಕೋರ್ಟು ಅಲೆದು ಎರಡೆಕರೆ ಮಾರಿಕೊಂಡವರೂ ಇದ್ದಾರೆ. ಆದರೆ ಅಲ್ಲಿ ಸರ್ವೆಯವರು ಬಂದು ಕಲ್ಲು ನೆಡುತ್ತಾರೆ, ಕಲ್ಲು ಕಿತ್ತರೆ ತಹಶೀಲ್ದಾರರಿದ್ದಾರೆ, ಪೊಲೀಸರಿದ್ದಾರೆ. ದೇಶ ದೇಶಗಳ ನಡುವೆ ನೆಟ್ಟ ಕಲ್ಲನ್ನು ಕಾಯಲು ಅಂಥ ಯಾರೂ ಇಲ್ಲ. ಹಾಗಾಗಿ ‘ಎಷ್ಟು ನೆಲ ಕೊಡಬೇಕು’ ಎನ್ನುವುದಕ್ಕಿಂತ, ಕೊಟ್ಟ ಮೇಲೆ ಉಳಿಯುವ ಹೊಸ ಗಡಿಯನ್ನು ಹಿಡಿದು ನಿಲ್ಲುವವರು ಯಾರು ಎನ್ನುವುದೇ ದೊಡ್ಡ ಪ್ರಶ್ನೆ. ಈ ಚರ್ಚೆಯಲ್ಲಿ ಎರಡೂ ಕಡೆಯವರು ಹಾರಿಸಿಬಿಡುವುದು ಇದನ್ನೇ.

ನೆಲ ಕೊಟ್ಟು ಶಾಂತಿ ಕೊಂಡ ದೇಶಗಳ ಉದಾಹರಣೆ ಕೇಳಿದರೆ ಹೆಚ್ಚಿನವರು ಫಿನ್ಲೆಂಡಿನ ಹೆಸರು ಹೇಳುತ್ತಾರೆ. ಕೊಡಬೇಕು ಎನ್ನುವವರಿಗೂ ಅದೇ ಸಾಕ್ಷಿ, ಕೊಡಬಾರದು ಎನ್ನುವವರಿಗೂ ಅದೇ ಸಾಕ್ಷಿ. ಅಲ್ಲಿ ನಡೆದದ್ದು ಏನೆಂದು ಸ್ವಲ್ಪ ನಿಧಾನವಾಗಿ ನೋಡುವುದು ಒಳ್ಳೆಯದು.

ಕ್ರೆಮ್ಲಿನ್‌ನ ನಕಾಶೆ

1939ರ ಅಕ್ಟೋಬರ್. ಪೋಲೆಂಡನ್ನು ಹಿಟ್ಲರ್ ಮತ್ತು ಸ್ಟಾಲಿನ್ ಹಂಚಿಕೊಂಡಾಗಿತ್ತು. ಸ್ಟಾಲಿನ್ ಫಿನ್ಲೆಂಡಿನ ಪ್ರತಿನಿಧಿಯನ್ನು ಮಾಸ್ಕೋಗೆ ಕರೆಸಿದ. ಹೋದವರು ಯೂಹೊ ಪಾಸಿಕಿವಿ, ಬ್ಯಾಂಕಿಂಗ್ ಮತ್ತು ರಾಜಕೀಯ ಎರಡರಲ್ಲೂ ಪಳಗಿದ್ದ, ರಷ್ಯನ್ ಬಲ್ಲ ಹಿರಿಯ. ಹೆಲ್ಸಿಂಕಿಯ ರೈಲು ನಿಲ್ದಾಣದಲ್ಲಿ ಜನ ಹಾಡು ಹೇಳಿ ಅವರನ್ನು ಬೀಳ್ಕೊಟ್ಟಿದ್ದರು.

ಸ್ಟಾಲಿನ್‌ನ ವಾದ ಸರಳವಾಗಿತ್ತು. ಲೆನಿನ್‌ಗ್ರಾಡ್ ನಗರದಿಂದ ಫಿನ್ಲೆಂಡಿನ ಗಡಿ ಕೇವಲ 32 ಕಿಲೊಮೀಟರ್ ದೂರ. ನಗರವನ್ನು ಎತ್ತಿ ಆಚೆ ಇಡಲಾಗದು, ಆದ್ದರಿಂದ ಗಡಿ ಆಚೆ ಹೋಗಬೇಕು. ಕರೇಲಿಯಾ ಭೂಸಂಧಿಯಲ್ಲಿ ಒಂದು ಪಟ್ಟಿ, ಫಿನ್ಲೆಂಡ್ ಕೊಲ್ಲಿಯ ಕೆಲವು ದ್ವೀಪಗಳು, ಹಾಂಕೊ ಬಂದರು 30 ವರ್ಷಕ್ಕೆ ಗುತ್ತಿಗೆ. ಬದಲಿಗೆ ಉತ್ತರದ ಕಾಡಿನಲ್ಲಿ ಕೇಳಿದ್ದರ ಸುಮಾರು ಎರಡರಷ್ಟು ಜಾಗ. ಲೆಕ್ಕಕ್ಕೆ ನೋಡಿದರೆ ಲಾಭದ ವ್ಯವಹಾರ! ಆದರೆ ಕೇಳಿದ ಪಟ್ಟಿಯಲ್ಲಿ ಫಿನ್ಲೆಂಡಿನ ರಕ್ಷಣಾ ಸಾಲಿನ ಭಾಗವಿತ್ತು, ಕೊಡುತ್ತೇನೆಂದ ಜಾಗದಲ್ಲಿ ಇದ್ದದ್ದು ಬರೀ ಮರ.

ಹೆಲ್ಸಿಂಕಿಯಲ್ಲಿ ಅಭಿಪ್ರಾಯ ಒಂದಾಗಿರಲಿಲ್ಲ. ವಿದೇಶಾಂಗ ಸಚಿವ ಎಲ್ಯಾಸ್ ಎರ್ಕೊ, ಸ್ಟಾಲಿನ್ ಬೆದರಿಸುತ್ತಿದ್ದಾನೆ ಅಷ್ಟೇ, ಬಗ್ಗಬೇಕಿಲ್ಲ ಎಂದರು. ಕೊಡುವುದು ಒಳ್ಳೆಯದು ಎಂದವರಲ್ಲಿ ಮುಖ್ಯರು ಯಾರು ಗೊತ್ತೇ? ಮಾರ್ಷಲ್ ಮಾನರ್‌ಹೈಮ್. ಮುಂದೆ ಆ ಯುದ್ಧದ ವೀರನಾಯಕ ಎಂದು ಜಗತ್ತು ಹಾಡಿ ಹೊಗಳಿದ ಅದೇ ಸೇನಾನಿ. ತಮ್ಮ ಫಿರಂಗಿಗಳ ಗುಂಡು ಎಷ್ಟು ದಿನಕ್ಕೆ ಸಾಕು ಎಂಬುದು ಅವರಿಗೆ ಗೊತ್ತಿತ್ತು. ಯುದ್ಧದ ವಿಷಯದಲ್ಲಿ ಸೇನಾಧಿಕಾರಿಗಳಿಗಿಂತ ಪತ್ರಿಕೆ ಓದುವವರೇ ಹೆಚ್ಚು ಶೂರರಾಗಿರುವುದು ಎಲ್ಲ ಕಾಲಕ್ಕೂ ಇದ್ದದ್ದೇ.

ನವೆಂಬರಿನಲ್ಲಿ ಮಾತುಕತೆ ಮುರಿಯಿತು. 26ರಂದು ಮೈನಿಲಾ ಎಂಬ ಗಡಿಗ್ರಾಮದಲ್ಲಿ ತನ್ನ ಸೈನಿಕರ ಮೇಲೆ ಶೆಲ್ ಬಿತ್ತೆಂದು ಸೋವಿಯತ್ ದೂರಿತು. 30ರಂದು ಹೆಲ್ಸಿಂಕಿಯ ಮೇಲೆ ಬಾಂಬು ಬಿತ್ತು.

ಆಗಲೇ ಆ ಪಟ್ಟಿ ಕೊಟ್ಟಿದ್ದರೆ ಇಷ್ಟೆಲ್ಲ ತಪ್ಪುತ್ತಿತ್ತಲ್ಲ ಎಂದು ಕೇಳುವವರಿದ್ದಾರೆ. ಉತ್ತರ ಪಕ್ಕದಲ್ಲೇ ಇದೆ. ಎಸ್ಟೋನಿಯಾ, ಲಾಟ್ವಿಯಾ, ಲಿಥುವೇನಿಯಾ ಮೂರೂ ಅದೇ ಶರತ್ಕಾಲದಲ್ಲಿ ಸ್ಟಾಲಿನ್ ಕೇಳಿದ ಸೇನಾನೆಲೆಗಳನ್ನು ಒಂದು ಗುಂಡೂ ಹಾರಿಸದೆ ಕೊಟ್ಟವು. 1940ರ ಜೂನ್‌ನಲ್ಲಿ ಅಲ್ಲಿಗೆ ಕೆಂಪು ಸೇನೆ ನುಗ್ಗಿತು, ಆಗಸ್ಟ್ ಹೊತ್ತಿಗೆ ಮೂರೂ ದೇಶ ನಕಾಶೆಯಲ್ಲಿ ಇರಲಿಲ್ಲ. ಮತ್ತೆ ಸ್ವತಂತ್ರವಾಗಲು 1991ರವರೆಗೆ ಕಾಯಬೇಕಾಯಿತು.

ಫಿನ್ಲೆಂಡಿಗೂ ಅದೇ ಯೋಜನೆ ಇತ್ತು ಎನ್ನಲು ಒಂದು ಪುರಾವೆಯಿದೆ. ಯುದ್ಧ ಶುರುವಾದ ಮರುದಿನವೇ, ಗಡಿಯಾಚೆಗೆ ವಶಪಡಿಸಿಕೊಂಡ ತೆರಿಯೋಕಿ ಎಂಬ ಪಟ್ಟಣದಲ್ಲಿ ಓಟೊ ಕೂಸಿನೆನ್ ಎಂಬ ಫಿನ್ನಿಷ್ ಕಮ್ಯುನಿಸ್ಟನ ಕೈಯಲ್ಲಿ ‘ಜನತಾ ಸರ್ಕಾರ’ ಸ್ಥಾಪನೆಯಾಯಿತು. ಮಾಸ್ಕೋ ಅದನ್ನೇ ಅಸಲಿ ಸರ್ಕಾರವೆಂದು ಮಾನ್ಯ ಮಾಡಿತು. ಹೆಲ್ಸಿಂಕಿಯವರ ಜೊತೆ ಮಾತನಾಡಲು ಏನೂ ಉಳಿದಿಲ್ಲ ಎಂದಿತು.

ಮಾರ್ಚ್ ಮೊದಲ ವಾರ

ಚಳಿಗಾಲದ ಯುದ್ಧದ ಕಥೆ ಹಲವರಿಗೆ ಗೊತ್ತು. 37 ಲಕ್ಷ ಜನರ ದೇಶ. ಮೈನಸ್ 40 ಡಿಗ್ರಿ ಚಳಿ. ಬಿಳಿ ನಿಲುವಂಗಿ ತೊಟ್ಟು ಸ್ಕೀ ಮೇಲೆ ಬಂದು ಹೊಡೆದು ಮಾಯವಾಗುವ ಸೈನಿಕರು. ಸುವೊಮುಸ್ಸಾಲ್ಮಿಯ ಬಳಿ ರಾತೆ ರಸ್ತೆಯಲ್ಲಿ ಒಂದಿಡೀ ಸೋವಿಯತ್ ಡಿವಿಷನ್ ತುಂಡು ತುಂಡಾಯಿತು. ಇಲ್ಲಿ ನನಗೆ ಮುಖ್ಯವೆನಿಸುವುದು ಆ ಸಾಹಸದಿಂದ ಸಿಕ್ಕಿದ್ದೇನು ಎಂಬುದು. 1940ರ ಜನವರಿಯ ಕೊನೆಯಲ್ಲಿ ಮಾಸ್ಕೋದಿಂದ ಸ್ಟಾಕ್‌ಹೋಮ್ ಮೂಲಕ ಒಂದು ಸಂದೇಶ ಬಂತು: ಹೆಲ್ಸಿಂಕಿಯ ಸರ್ಕಾರದ ಜೊತೆ ಒಪ್ಪಂದಕ್ಕೆ ತಾತ್ವಿಕವಾಗಿ ಅಭ್ಯಂತರವಿಲ್ಲ. ಕೂಸಿನೆನ್ ಸರ್ಕಾರವನ್ನು ಸ್ಟಾಲಿನ್ ಸದ್ದಿಲ್ಲದೆ ಕೈಬಿಟ್ಟಿದ್ದ. ಎರಡು ತಿಂಗಳ ಹೋರಾಟ ಫಿನ್ಲೆಂಡಿಗೆ ಒಂದು ಚದರಡಿ ನೆಲವನ್ನೂ ಗೆದ್ದು ಕೊಡಲಿಲ್ಲ. ತನ್ನ ಪರವಾಗಿ ತಾನೇ ಮಾತನಾಡುವ ಹಕ್ಕನ್ನು ಗೆದ್ದು ಕೊಟ್ಟಿತು.

ಈ ಸಂಪರ್ಕ ಕುದುರಿಸಿದವರು ಇಬ್ಬರು ಹೆಂಗಸರು. ಒಬ್ಬರು ಫಿನ್ಲೆಂಡಿನ ನಾಟಕಗಾರ್ತಿ ಹೆಲ್ಲಾ ವುವೊಲಿಯೋಕಿ. ಬ್ರೆಕ್ಟ್‌ನ ‘ಪುಂಟಿಲ’ ನಾಟಕದ ಮೂಲ ಇವರದೇ. ಇನ್ನೊಬ್ಬರು ಸ್ಟಾಕ್‌ಹೋಮಿನಲ್ಲಿ ಸೋವಿಯತ್ ರಾಯಭಾರಿಯಾಗಿದ್ದ ಅಲೆಕ್ಸಾಂದ್ರಾ ಕೊಲ್ಲೊಂತಾಯ್. ಹಳೆಯ ಪರಿಚಯದ ಬಲದ ಮೇಲೆ ಕುಳಿತು ಮಾತನಾಡಿದ ಇವರನ್ನು ಯುದ್ಧದ ಕಥೆ ಹೇಳುವವರು ಅಪರೂಪಕ್ಕೆ ನೆನೆಯುತ್ತಾರೆ.

ಫೆಬ್ರುವರಿಯಲ್ಲಿ ಲೆಕ್ಕ ಬದಲಾಯಿತು. ಸೋವಿಯತ್ ಸೇನಾನಿ ತಿಮೊಷೆಂಕೊನ ಕೈಗೆ ಬಂದ ಕೆಂಪು ಸೇನೆ ಫಿರಂಗಿಗಳ ಮಳೆ ಸುರಿಸಿ 11ರಂದು ಸುಮ್ಮಾ ಬಳಿ ಮಾನರ್‌ಹೈಮ್ ಸಾಲೆಂಬ ಫಿನ್ನಿಷ್ ರಕ್ಷಣಾ ಸಾಲನ್ನು ಸೀಳಿತು. ಮಾರ್ಚ್ ಆರಂಭದಲ್ಲಿ ಹೆಪ್ಪುಗಟ್ಟಿದ ಕೊಲ್ಲಿಯ ಮೇಲೆ ನಡೆದೇ ಬಂದು ವೀಪುರಿ ನಗರದ ಬೆನ್ನಿಗೆ ನಿಂತಿತು. ಹೆಲ್ಸಿಂಕಿಯ ಸಚಿವ ಸಂಪುಟದ ಮುಂದೆ ಎರಡು ಕಾಗದಗಳಿದ್ದವು. ಒಂದು, ಮಾಸ್ಕೋದ ಷರತ್ತು. ಶರತ್ಕಾಲದಲ್ಲಿ ಕೇಳಿದ್ದಕ್ಕಿಂತ ಬಹಳ ಹೆಚ್ಚು: ಇಡೀ ಭೂಸಂಧಿ, ವೀಪುರಿ, ಲಾದೋಗಾ ಸರೋವರದ ಉತ್ತರ ದಂಡೆ. ಇನ್ನೊಂದು, ಬ್ರಿಟನ್ ಮತ್ತು ಫ್ರಾನ್ಸಿನ ವಾಗ್ದಾನ: ಸೇನೆ ಕಳಿಸುತ್ತೇವೆ, ಕಾದಾಟ ನಿಲ್ಲಿಸಬೇಡಿ.

ಆ ವಾಗ್ದಾನ ಎಂಥದ್ದೆಂದು ನೋಡಿ. ಪ್ಯಾರಿಸ್ 50,000 ಸೈನಿಕರ ಮಾತಾಡುತ್ತಿತ್ತು, ಲಂಡನ್ ಹೇಳುವ ಸಂಖ್ಯೆ ಅದಕ್ಕಿಂತ ಎಷ್ಟೋ ಕಡಿಮೆ. ಬರಬೇಕಾದ ದಾರಿ ನಾರ್ವೆ ಮತ್ತು ಸ್ವೀಡನ್ ಮೂಲಕ. ಅವೆರಡೂ ದಾರಿ ಬಿಡುವುದಿಲ್ಲ ಎಂದಿದ್ದವು. ಬರುವ ದಾರಿಯಲ್ಲೇ ಇದ್ದ ಸ್ವೀಡನ್ನಿನ ಕಬ್ಬಿಣದ ಅದಿರಿನ ಗಣಿಗಳ ಮೇಲೆ ಮಿತ್ರರಾಷ್ಟ್ರಗಳ ಕಣ್ಣಿತ್ತು ಎಂಬುದು ಹೆಲ್ಸಿಂಕಿಗೂ ಗೊತ್ತಿತ್ತು. ಪ್ರಧಾನಿ ರಿಸ್ತೊ ರ‍್ಯುತಿ, ವಿದೇಶಾಂಗ ಸಚಿವ ವೈನೊ ಟಾನ್ನರ್ ಇಬ್ಬರೂ ಒಂದೇ ಪ್ರಶ್ನೆ ಹಿಡಿದು ಕೂತರು: ಎಷ್ಟು ಜನ, ಯಾವ ತಾರೀಕಿಗೆ? ಸರಿಯಾದ ಉತ್ತರ ಬರಲಿಲ್ಲ. ಮಾನರ್‌ಹೈಮ್ ಕೊಟ್ಟ ಸಲಹೆಯೂ ಅದೇ: ಸೇನೆ ಇನ್ನೂ ಸೋತಿಲ್ಲ, ಆದರೆ ದಣಿದಿದೆ, ಸೋಲುವ ಮೊದಲೇ ಸಹಿ ಮಾಡಿ. ಚೌಕಾಸಿ ಮಾಡಲು ಕೈಯಲ್ಲಿ ಏನಾದರೂ ಇರುವಾಗಲೇ ಮಾಡಬೇಕು ಎಂಬ ಈ ತಿಳಿವಳಿಕೆಯೇ ಆ ದೇಶವನ್ನು ಉಳಿಸಿತು ಎಂದು ನಾನು ನಂಬುತ್ತೇನೆ. ಒಂದು ತಿಂಗಳು ಮೊದಲೇ ಸಹಿ ಹಾಕಲು ಹೊರಟಿದ್ದರೆ ಜನ ಒಪ್ಪುತ್ತಿರಲಿಲ್ಲ. ಒಂದು ತಿಂಗಳು ತಡವಾಗಿದ್ದರೆ ಸಹಿ ಕೇಳುವವರೇ ಇರುತ್ತಿರಲಿಲ್ಲವೇನೋ.

ಸಂಪುಟದಲ್ಲಿ ಒಮ್ಮತ ಇತ್ತೆಂದಲ್ಲ. ರಕ್ಷಣಾ ಸಚಿವ ಯೂಹೊ ನಿಯುಕ್ಕನೆನ್ ಮತ್ತು ಶಿಕ್ಷಣ ಸಚಿವ ಊನೊ ಹನ್ನುಲಾ ಕೊನೆಯವರೆಗೂ ವಿರೋಧಿಸಿ ರಾಜೀನಾಮೆ ಕೊಟ್ಟರು. ರೈತ ಮನೆತನದ ಅಧ್ಯಕ್ಷ ಕ್ಯೊಸ್ತಿ ಕಲ್ಲಿಯೊ, ಇಂಥ ಕಾಗದಕ್ಕೆ ಸಹಿ ಹಾಕುವ ಕೈ ಬತ್ತಿಹೋಗಲಿ ಎಂದು ಶಪಿಸಿಕೊಂಡೇ ಅಧಿಕಾರಪತ್ರಕ್ಕೆ ಸಹಿ ಹಾಕಿದರು. ಅದೇ ಆಗಸ್ಟ್‌ನಲ್ಲಿ ಅವರಿಗೆ ಪಾರ್ಶ್ವವಾಯು ಬಡಿದು ಬಲಗೈ ಸ್ವಾಧೀನ ತಪ್ಪಿತು. ಡಿಸೆಂಬರಿನಲ್ಲಿ, ಅಧಿಕಾರ ಬಿಟ್ಟು ಊರಿಗೆ ಹೊರಟವರು ಹೆಲ್ಸಿಂಕಿ ರೈಲು ನಿಲ್ದಾಣದಲ್ಲೇ ಕುಸಿದು ತೀರಿಕೊಂಡರು. ಕಾದಂಬರಿಯಲ್ಲಿ ಬರೆದರೆ ಅತಿಯಾಯಿತು ಎನ್ನುತ್ತಿದ್ದೆವು.

1940ರ ಮಾರ್ಚ್ 13ರ ಬೆಳಿಗ್ಗೆ 11ಕ್ಕೆ ಗುಂಡಿನ ಸದ್ದು ನಿಂತಿತು. ಮಧ್ಯಾಹ್ನ ಟಾನ್ನರ್ ರೇಡಿಯೊದಲ್ಲಿ ಷರತ್ತುಗಳನ್ನು ಓದಿದಾಗ ಜನರಿಗೆ ನಂಬಲಾಗಲಿಲ್ಲ. ಗೆಲ್ಲುತ್ತಿದ್ದೇವೆ ಎಂದೇ ಅವರು ತಿಳಿದಿದ್ದರು. ಹೆಲ್ಸಿಂಕಿಯಲ್ಲಿ ಬಾವುಟಗಳು ಅರ್ಧಕ್ಕೆ ಇಳಿದವು. ಸುಮಾರು 26,000 ಜನ ಸತ್ತಿದ್ದರು. ದೇಶದ ಹತ್ತನೇ ಒಂದು ಭಾಗದಷ್ಟು ನೆಲ ಹೋಗಿತ್ತು. ಹೊಸ ಗಡಿ ಹೆಚ್ಚುಕಡಿಮೆ 1721ರಲ್ಲಿ ರಷ್ಯಾದ ಪೀಟರ್ ದೊರೆ ಎಳೆದಿದ್ದ ಗೆರೆಯ ಮೇಲೆಯೇ ಬಂದು ನಿಂತಿತ್ತು.

ದನಗಳೊಂದಿಗೆ ಹೊರಟವರು

ನಕಾಶೆಯಲ್ಲಿ ಗೆರೆ ಎಳೆಯುವವರಿಗೆ ಕಾಣದ್ದು ಗೆರೆಯ ಮೇಲೆ ಕಟ್ಟಿದ ಮನೆಗಳು. ಕರೇಲಿಯಾದಲ್ಲಿ ನಾಲ್ಕು ಲಕ್ಷಕ್ಕೂ ಹೆಚ್ಚು ಜನ ಇದ್ದರು, ದೇಶದ ಪ್ರತಿ ಒಂಬತ್ತು ಜನರಲ್ಲಿ ಒಬ್ಬರು. ಸೇನೆ ಹಿಂದೆ ಸರಿಯಲು ಒಪ್ಪಂದ ಕೊಟ್ಟಿದ್ದು ಕೆಲವೇ ದಿನ. ಸೋವಿಯತ್ ಆಡಳಿತದಲ್ಲಿ ಉಳಿಯಲು ಯಾರೂ ಒಪ್ಪಲಿಲ್ಲ ಎನ್ನುವಷ್ಟು ಪೂರ್ತಿಯಾಗಿ ಊರಿಗೆ ಊರೇ ಎದ್ದು ಹೊರಟಿತು. ಮುದುಕರು, ಮಕ್ಕಳು ರೈಲಿನಲ್ಲಿ, ಸಾರೋಟುಗಳಲ್ಲಿ. ದನಗಳನ್ನು ಹಿಮದ ರಸ್ತೆಯಲ್ಲಿ ನಡೆಸಿಕೊಂಡೇ ಹೋಗಬೇಕಾಯಿತು. ಲಾದೋಗಾ ಸರೋವರದ ದ್ವೀಪದಲ್ಲಿ ಶತಮಾನಗಳಿಂದ ಇದ್ದ ವಾಲಾಮೊ ಮಠದ ಸನ್ಯಾಸಿಗಳೂ ತಮ್ಮ ಗಂಟೆ, ಗ್ರಂಥ, ಮೂರ್ತಿಚಿತ್ರಗಳನ್ನು ಕಟ್ಟಿಕೊಂಡು ಹಿಮದ ಮೇಲೆ ಹೊರಟರು. ಅವರ ಹೊಸ ಮಠ ಇಂದಿಗೂ ಹೈನವೆಸಿ ಎಂಬಲ್ಲಿದೆ.

ಇಷ್ಟು ಜನರನ್ನು ಎಲ್ಲಿಡುವುದು? ಫಿನ್ಲೆಂಡ್ ಅವರಿಗಾಗಿ ಶಾಶ್ವತ ಶಿಬಿರಗಳನ್ನು ಕಟ್ಟಲಿಲ್ಲ. 1940ರಲ್ಲಿ ಒಂದು ಕಾನೂನು, 1945ರಲ್ಲಿ ಇನ್ನೂ ದೊಡ್ಡದೊಂದು ಕಾನೂನು ತಂದು, ಸರ್ಕಾರ, ಕಂಪನಿಗಳು, ಚರ್ಚುಗಳು, ದೊಡ್ಡ ಹಿಡುವಳಿದಾರರು ಎಲ್ಲರಿಂದಲೂ ಜಮೀನು ತೆಗೆದುಕೊಂಡು ವಲಸೆ ಬಂದ ರೈತರಿಗೆ ಹಂಚಿತು. ನಮ್ಮ ಭೂಸುಧಾರಣೆಯ ಇತಿಹಾಸ ಬಲ್ಲವರಿಗೆ ಇದು ಎಂಥ ಕೆಲಸವೆಂದು ಬಿಡಿಸಿ ಹೇಳಬೇಕಿಲ್ಲ. ಎಲ್ಲವೂ ನಗುನಗುತ್ತಾ ಆಯಿತೆಂದೇನೂ ಅಲ್ಲ. ಬೇರೆ ನುಡಿಗಟ್ಟು ಆಡುವ, ಆರ್ಥೊಡಾಕ್ಸ್ ಶಿಲುಬೆ ಹಾಕುವ ಕರೇಲಿಯನ್ನರನ್ನು ‘ರಷ್ಯನ್ನರು’ ಎಂದು ಹೀಯಾಳಿಸಿದ ಊರುಗಳೂ ಇದ್ದವು. ಆದರೂ ಕಳೆದುಕೊಂಡ ನೆಲದ ಭಾರವನ್ನು ಗಡಿಯವರ ತಲೆಗೇ ಬಿಡದೆ ಇಡೀ ದೇಶ ತನ್ನ ಹೊಲಗದ್ದೆಯಲ್ಲಿ ಪಾಲು ಮಾಡಿಕೊಂಡಿತು. ‘ಬಿಟ್ಟುಕೊಡಿ’ ಎಂದು ಸಲೀಸಾಗಿ ಹೇಳುವವರು ಈ ಭಾಗವನ್ನು ಹೇಳುವುದನ್ನು ನಾನು ಕೇಳಿಲ್ಲ.

ಇದಾದ ಮೇಲೂ ಕಥೆ ಮುಗಿಯಲಿಲ್ಲ. ಅವಮಾನದ ಒಪ್ಪಂದ ಸೇಡನ್ನು ಬಿತ್ತುತ್ತದೆ. 1941ರಲ್ಲಿ ಹಿಟ್ಲರನ ಸೇನೆಯ ಜೊತೆ ಫಿನ್ಲೆಂಡ್ ಮತ್ತೆ ಯುದ್ಧಕ್ಕಿಳಿಯಿತು. ಕಳೆದದ್ದನ್ನು ಮರಳಿ ಪಡೆಯಿತು. ಅಲ್ಲಿಗೇ ನಿಲ್ಲದೆ ಹಳೆಯ ಗಡಿ ದಾಟಿ ಸೋವಿಯತ್ ಕರೇಲಿಯಾಕ್ಕೂ ನುಗ್ಗಿತು. ಅಲ್ಲಿ ರಷ್ಯನ್ ನಾಗರಿಕರನ್ನು ಕೂಡಿಹಾಕಿದ ಶಿಬಿರಗಳಲ್ಲಿ 4,000ಕ್ಕೂ ಹೆಚ್ಚು ಜನ ಸತ್ತರು. ಎರಡು ಲಕ್ಷದ ಎಂಬತ್ತು ಸಾವಿರದಷ್ಟು ಕರೇಲಿಯನ್ನರು ತಮ್ಮ ಊರುಗಳಿಗೆ ವಾಪಸು ಹೋಗಿ ಸುಟ್ಟ ಮನೆಗಳನ್ನು ಕಟ್ಟಿಕೊಂಡರು. 1944ರ ಬೇಸಿಗೆಯಲ್ಲಿ ಕೆಂಪು ಸೇನೆ ಮತ್ತೆ ಬಂತು, ಅವರು ಮತ್ತೆ ಹೊರಟರು. ಒಂದೇ ಮನೆಯನ್ನು ನಾಲ್ಕು ವರ್ಷದಲ್ಲಿ ಎರಡು ಸಲ ಬಿಟ್ಟವರು ಅವರು.

ಎರಡನೇ ಒಪ್ಪಂದ ಇನ್ನೂ ಕಠಿಣವಾಗಿತ್ತು. ಉತ್ತರದ ಪೆತ್ಸಾಮೊ ಮತ್ತು ಅದರ ನಿಕ್ಕಲ್ ಗಣಿ ಹೋಯಿತು. ರಾಜಧಾನಿಯ ಪಕ್ಕದಲ್ಲೇ ಪೊರ್ಕ್ಕಲಾ ನೌಕಾನೆಲೆ ಗುತ್ತಿಗೆಗೆ ಹೋಯಿತು. 30 ಕೋಟಿ ಡಾಲರ್ ಮೌಲ್ಯದ ಪರಿಹಾರವನ್ನು ಹಡಗು, ಯಂತ್ರ, ಕಾಗದದ ರೂಪದಲ್ಲಿ ತೀರಿಸಬೇಕಾಯಿತು. ಒಮ್ಮೆ ಶಾಂತಿಗೆ ಸಹಿ ಹಾಕಿಸಿದ್ದ ರ‍್ಯುತಿಗೆ ಎರಡನೇ ಯುದ್ಧಕ್ಕೆ ಹೊಣೆಯೆಂದು ಹತ್ತು ವರ್ಷ ಜೈಲಾಯಿತು. ಪರಿಹಾರದ ಕೊನೆಯ ಕಂತು ಮುಗಿದದ್ದು 1952ರ ಸೆಪ್ಟೆಂಬರಿನಲ್ಲಿ. ಅದೇ ಬೇಸಿಗೆಯಲ್ಲಿ ಹೆಲ್ಸಿಂಕಿ ಒಲಿಂಪಿಕ್ಸ್ ನಡೆದಿತ್ತು. ನಮ್ಮ ಹಾಕಿ ತಂಡ ಚಿನ್ನ ಗೆದ್ದದ್ದು, ಖಾಶಾಬಾ ಜಾಧವ್ ಕುಸ್ತಿಯಲ್ಲಿ ಕಂಚು ತಂದದ್ದು ಅಲ್ಲೇ.

ಮುಂದಿನ ದಶಕಗಳಲ್ಲಿ ಫಿನ್ಲೆಂಡ್ ಮಾಸ್ಕೋದ ಮನಸ್ಸು ನೋಯದ ಹಾಗೆ ಮಾತನಾಡುವುದನ್ನು ಕಲಿತುಕೊಂಡಿತು. ಆ ಬೆಲೆಯೂ ಸಣ್ಣದಲ್ಲ. ಆದರೆ ಅದರ ಸಂಸತ್ತು ಒಂದು ದಿನವೂ ಮುಚ್ಚಲಿಲ್ಲ, ರಾಜಧಾನಿ ಪರಕೀಯ ಸೇನೆಯ ವಶವಾಗಲಿಲ್ಲ, ಅದರ ಸ್ವಂತ ಸೇನೆ ಉಳಿಯಿತು. ಅದಕ್ಕೇ 2022ರ ನಂತರ ಅಲ್ಲಿನ ಜನ ತಮ್ಮ ಮನಸ್ಸು ಬದಲಿಸಿ 2023ರ ಏಪ್ರಿಲ್ 4ರಂದು ನ್ಯಾಟೊ ಸೇರುವುದು ಸಾಧ್ಯವಾಯಿತು. ವೀಪುರಿ ಇಂದಿಗೂ ರಷ್ಯಾದ ನಗರವೇ.

ಕೊಟ್ಟು ಕೆಟ್ಟವರು

ಇನ್ನೊಂದು ಬಗೆಯ ಕೊಡುವಿಕೆಗೆ ಜೆಕೊಸ್ಲೊವಾಕಿಯಾ ಸಾಕ್ಷಿ. 1938ರ ಸೆಪ್ಟೆಂಬರ್ ಕೊನೆಯಲ್ಲಿ ಮ್ಯೂನಿಕ್‌ನಲ್ಲಿ ಹಿಟ್ಲರ್, ಮುಸೊಲಿನಿ, ಬ್ರಿಟನ್ನಿನ ಚೇಂಬರ್‌ಲೇನ್, ಫ್ರಾನ್ಸಿನ ದಲಾದಿಯೆ ಕುಳಿತು ಆ ದೇಶದ ಸುಡೇಟನ್ ಸೀಮೆಯನ್ನು ಜರ್ಮನಿಗೆ ಕೊಟ್ಟರು. ಜೆಕ್ ಪ್ರತಿನಿಧಿಗಳು ಹೋಟೆಲಿನ ಕೋಣೆಯಲ್ಲಿ ಕಾದು ಕೂತಿದ್ದರು. ನಿರ್ಧಾರವಾದ ಮೇಲೆ ಅವರಿಗೆ ಕಾಗದ ಕೊಟ್ಟರು. ಅಲ್ಲಿ ಜರ್ಮನ್ ಭಾಷಿಕರೇ ಹೆಚ್ಚು, ಹೋದರೆ ಹೋಗಲಿ ಎಂಬುದು ವಾದ. ಆದರೆ ದೇಶದ ಗಡಿಬೆಟ್ಟಗಳು, ಅವುಗಳಲ್ಲಿ ವರ್ಷಗಟ್ಟಲೆ ಖರ್ಚು ಮಾಡಿ ಕಟ್ಟಿದ ಬಂಕರುಗಳು ಎಲ್ಲವೂ ಆ ಸೀಮೆಯಲ್ಲೇ ಇದ್ದವು. ಬಾಗಿಲು ಕಿತ್ತುಕೊಟ್ಟ ಮನೆಯೊಳಗೆ ಆರು ತಿಂಗಳೂ ತುಂಬುವ ಮೊದಲೇ, 1939ರ ಮಾರ್ಚ್ 15ರಂದು, ಹಿಟ್ಲರ್ ಬಂದು ಕೂತ.

ನಮ್ಮ ನೆಲದ ಕಥೆಯೂ ಒಂದಿದೆ. 1792ರಲ್ಲಿ ಕಾರ್ನ್‌ವಾಲಿಸ್, ಮರಾಠರು, ನಿಜಾಮ ಸೇರಿ ಶ್ರೀರಂಗಪಟ್ಟಣವನ್ನು ಮುತ್ತಿದಾಗ ಟಿಪ್ಪು ತನ್ನ ರಾಜ್ಯದ ಅರ್ಧ, 3 ಕೋಟಿ 30 ಲಕ್ಷ ರೂಪಾಯಿ, ಒತ್ತೆಗೆ ಇಬ್ಬರು ಮಕ್ಕಳನ್ನು ಕೊಟ್ಟು ಒಪ್ಪಂದ ಮಾಡಿಕೊಂಡ. ಬಾಕಿ ತೀರಿದ ಮೇಲೆ ಮಕ್ಕಳು ವಾಪಸು ಬಂದರು. ರಾಜ್ಯದ ಅರ್ಧ ಕಂದಾಯ ಮಾತ್ರ ಎದುರಾಳಿಗಳ ಬೊಕ್ಕಸಕ್ಕೆ ಹೋಗುತ್ತಲೇ ಇತ್ತು. ಏಳು ವರ್ಷಕ್ಕೆ, 1799ರ ಮೇ 4ರಂದು, ಅದೇ ಕೋಟೆ ಬಿತ್ತು. ಆ ಏಳು ವರ್ಷದಲ್ಲಿ ಟಿಪ್ಪು ಫ್ರೆಂಚರ ಕಡೆಯಿಂದ ನೆರವಿಗಾಗಿ ಪ್ರಯತ್ನಿಸಿದ್ದ, ಸಿಗಲಿಲ್ಲ. ಎರಡನೇ ಸಲ ಪಕ್ಕಕ್ಕೆ ನಿಲ್ಲುವವರು ಯಾರೂ ಇರಲಿಲ್ಲ.

ಸಹಿ ಇಲ್ಲದ ಗಡಿ

ಕೊಡುವುದು, ಕೊಡದಿರುವುದು ಇವೆರಡರ ನಡುವೆ ಮೂರನೆಯ ದಾರಿಯೊಂದಿದೆ. ಅದರಲ್ಲಿ ಕೊಡಗಿನ ಒಬ್ಬರ ಪಾತ್ರವೂ ಇದೆ.

ಕೊರಿಯಾದಲ್ಲಿ 1950ರಲ್ಲಿ ಶುರುವಾದ ಯುದ್ಧ ಒಂದು ವರ್ಷದಲ್ಲೇ ಗೆಲ್ಲಲಾಗದ, ಸೋಲಲಾಗದ ಹಂತಕ್ಕೆ ಬಂತು. 1951ರ ಜುಲೈನಲ್ಲಿ ಮಾತುಕತೆ ಆರಂಭ. ಸೇನೆಗಳು ಎಲ್ಲಿ ನಿಂತಿವೆಯೋ ಅದೇ ಗೆರೆ ಎಂಬುದಕ್ಕೆ ಎರಡೂ ಕಡೆಯವರು ಕೆಲವೇ ತಿಂಗಳಲ್ಲಿ ಹೆಚ್ಚುಕಡಿಮೆ ಒಪ್ಪಿದರು. ಆದರೆ ಯುದ್ಧ ಇನ್ನೂ ಒಂದೂವರೆ ವರ್ಷ ಎಳೆಯಿತು. ಕಾರಣ ನೆಲವಲ್ಲ, ಯುದ್ಧಕೈದಿಗಳು. ತಮ್ಮ ದೇಶಕ್ಕೆ ಮರಳಲು ಒಲ್ಲೆವೆಂದ ಸಾವಿರಾರು ಚೀನೀ, ಉತ್ತರ ಕೊರಿಯಾದ ಸೈನಿಕರನ್ನು ಬಲವಂತವಾಗಿ ಕಳಿಸಬೇಕೇ ಬೇಡವೇ ಎಂಬ ಜಗಳ. ಕೊನೆಗೆ ಅವರನ್ನು ತಟಸ್ಥ ದೇಶಗಳ ಆಯೋಗಕ್ಕೆ ಒಪ್ಪಿಸುವುದೆಂದಾಯಿತು. ಅದರ ಅಧ್ಯಕ್ಷರು ಮಡಿಕೇರಿಯ ಜನರಲ್ ಕೆ.ಎಸ್. ತಿಮ್ಮಯ್ಯ. ಎರಡೂ ಕಡೆಯವರ ಬೈಗುಳ ತಿಂದು, ಇಪ್ಪತ್ತೆರಡು ಸಾವಿರಕ್ಕೂ ಹೆಚ್ಚು ಕೈದಿಗಳ ವಿಷಯವನ್ನು ಒಂದು ದಡ ಮುಟ್ಟಿಸಿ ಬಂದರು. ಎರಡೂ ಕಡೆ ಹೋಗಲೊಲ್ಲದ ಎಂಬತ್ತೆಂಟು ಮಂದಿ ಭಾರತೀಯ ಪಡೆಯ ಜೊತೆ ನಮ್ಮ ದೇಶಕ್ಕೇ ಬಂದರು. ಮಡಿಕೇರಿಗೆ ಹೋದವರು ‘ಸನ್ನಿ ಸೈಡ್’ ಎಂಬ ಅವರ ಮನೆ ಈಗ ಸಂಗ್ರಹಾಲಯವಾಗಿರುವುದನ್ನು ನೋಡಬಹುದು.

1953ರ ಜುಲೈ 27ರಂದು ಪಾನ್‌ಮುಂಜೊಮ್‌ನಲ್ಲಿ ಆದದ್ದು ಕದನವಿರಾಮ ಮಾತ್ರ. ಶಾಂತಿ ಒಪ್ಪಂದವಲ್ಲ. ಉತ್ತರದ ನೆಲ ತನ್ನದಲ್ಲ ಎಂದು ದಕ್ಷಿಣ ಒಪ್ಪಿಲ್ಲ, ದಕ್ಷಿಣದ್ದು ತನ್ನದಲ್ಲ ಎಂದು ಉತ್ತರವೂ ಅಂದು ಒಪ್ಪಲಿಲ್ಲ. ದಕ್ಷಿಣದ ಅಧ್ಯಕ್ಷ ಸಿಂಗ್‌ಮನ್ ರೀ ಸಹಿಯನ್ನೇ ಹಾಕಲಿಲ್ಲ. ಯುದ್ಧ ಮುಂದುವರಿಸಲೇಬೇಕೆಂದು ಹಟ ಹಿಡಿದಿದ್ದ ಆತ ಸುಮ್ಮನಾದದ್ದು ಅಮೆರಿಕದಿಂದ ರಕ್ಷಣಾ ಒಪ್ಪಂದದ ಭರವಸೆ ಗಿಟ್ಟಿಸಿಕೊಂಡ ಮೇಲೆ. ಆ ಒಪ್ಪಂದ ಅದೇ ಅಕ್ಟೋಬರಿನಲ್ಲಿ ಆಯಿತು. ಅಮೆರಿಕದ ಪಡೆ ಇಂದಿಗೂ ಅಲ್ಲಿದೆ. ಗೆರೆಯ ಆಚೆ ಉಳಿದ ಬಂಧುಗಳನ್ನು ಕಾಣದೇ ಸತ್ತವರ ಲೆಕ್ಕವಿಲ್ಲ. ಆದರೂ ಆ ಗೆರೆ ಎಪ್ಪತ್ತು ವರ್ಷ ನಿಂತಿದೆ. ಅದರ ದಕ್ಷಿಣಕ್ಕೆ ಒಂದು ಶ್ರೀಮಂತ ಪ್ರಜಾಪ್ರಭುತ್ವ ಬೆಳೆದಿದೆ.

ದೊನೆತ್ಸ್ಕ್ ಪ್ರಶ್ನೆ

ಈಗ ಉಕ್ರೇನಿಗೆ ಬರೋಣ. ದೇಶದ ಸುಮಾರು ಐದನೇ ಒಂದು ಭಾಗ ರಷ್ಯಾದ ಕೈಯಲ್ಲಿದೆ. 2014ರಲ್ಲಿ ಕ್ರಿಮಿಯಾ ಹೋಯಿತು. 2022ರ ಸೆಪ್ಟೆಂಬರ್ 30ರಂದು ಪುಟಿನ್ ಇನ್ನೂ ನಾಲ್ಕು ಪ್ರಾಂತಗಳನ್ನು ತನ್ನವೆಂದು ಘೋಷಿಸಿದರು, ಪೂರ್ತಿಯಾಗಿ ವಶವಾಗದ ಭಾಗಗಳನ್ನೂ ಸೇರಿಸಿ. 2025ರ ಮಾತುಕತೆಗಳಲ್ಲಿ ರಷ್ಯಾ ಪಟ್ಟು ಹಿಡಿದದ್ದು, ಯುದ್ಧದಲ್ಲಿ ತನಗೆ ಇನ್ನೂ ಸಿಗದ ದೊನೆತ್ಸ್ಕ್ ಪ್ರಾಂತದ ಉಳಿದ ಭಾಗವನ್ನೂ ಉಕ್ರೇನ್ ತಾನಾಗಿ ಬಿಟ್ಟುಹೋಗಬೇಕು ಎಂದು. ಆ ಭಾಗದಲ್ಲಿ ಇರುವುದು ಸ್ಲೊವ್ಯಾನ್ಸ್ಕ್, ಕ್ರಮತೋರ್ಸ್ಕ್ ಸಾಲಿನ ಕೋಟೆಯಂಥ ಪಟ್ಟಣಗಳು, 2014ರಿಂದ ಕಂದಕ ತೋಡಿ ಗಟ್ಟಿಮಾಡಿದ ರಕ್ಷಣಾ ಸಾಲು. ಅದರ ಹಿಂದೆ ಬಯಲು. ಇದು 1940ರ ಫಿನ್ಲೆಂಡಿಗಿಂತ 1938ರ ಸುಡೇಟನ್ನಿಗೇ ಹತ್ತಿರ. ಫಿನ್ಲೆಂಡ್ ಕೂಡ ಕೋಟೆಸಾಲು ಕಳೆದುಕೊಂಡಿತು, ನಿಜ. ಆದರೆ ಅದು ಆಗಲೇ ಯುದ್ಧದಲ್ಲಿ ಒಡೆದುಹೋಗಿತ್ತು.

ಕೊಡಬೇಕೆನ್ನುವವರ ವಾದವನ್ನು ಹಗುರವಾಗಿ ತಳ್ಳಿಹಾಕಬಾರದು. ಉಕ್ರೇನಿನಲ್ಲಿ ಸೈನಿಕರ ಕೊರತೆ ತೀವ್ರವಾಗಿದೆ. 2024ರಲ್ಲಿ ಸೇನೆಗೆ ಕಡ್ಡಾಯ ಭರ್ತಿಯ ವಯಸ್ಸನ್ನು 27ರಿಂದ 25ಕ್ಕೆ ಇಳಿಸಬೇಕಾಯಿತು. ಚಳಿಗಾಲದಲ್ಲಿ ಗಂಟೆಗಟ್ಟಲೆ ವಿದ್ಯುತ್ ಇರುವುದಿಲ್ಲ. ಯಾವ ಕಾರಣಕ್ಕೂ ನೆಲ ಬಿಡಬಾರದು ಎನ್ನುವವರು 2022ರಲ್ಲಿ ಕೀವ್‌ನ ಸಮಾಜಶಾಸ್ತ್ರ ಸಂಸ್ಥೆಯ ಸಮೀಕ್ಷೆಗಳಲ್ಲಿ ಶೇ 80ಕ್ಕಿಂತ ಹೆಚ್ಚಿದ್ದರು. ಎರಡು ಮೂರು ವರ್ಷದಲ್ಲಿ ಅವರ ಸಂಖ್ಯೆ ಅರ್ಧದ ಆಸುಪಾಸಿಗೆ ಇಳಿಯಿತು. ಹೋರಾಡುತ್ತಿರುವವರೇ ಬದಲಾಗುತ್ತಿರುವಾಗ, ಸಾವಿರಾರು ಮೈಲಿ ದೂರದಲ್ಲಿ ಕೂತು ‘ಕೊನೆಯ ಉಸಿರಿರುವವರೆಗೂ ಹೋರಾಡಿ’ ಎಂದು ಹುರಿದುಂಬಿಸುವುದು ನಾಚಿಕೆಗೇಡು. ಅಷ್ಟೇ ನಾಚಿಕೆಗೇಡು, ಅಷ್ಟೇ ದೂರದಲ್ಲಿ ಕೂತು ‘ಕೊಟ್ಟುಬಿಡಿ’ ಎನ್ನುವುದು.

ಕರೇಲಿಯಾದ ಹಾಗೆ ಜನರನ್ನೆಲ್ಲ ಎತ್ತಿ ಈಚೆಗೆ ತರಲೂ ಇಲ್ಲಿ ಆಗದು. ವಶಪಡಿಸಿಕೊಂಡ ಪ್ರದೇಶಗಳಲ್ಲಿ ಲಕ್ಷಾಂತರ ಜನ ಈಗಲೂ ಇದ್ದಾರೆ. ಗಡಿ ಅಲ್ಲಿಗೇ ಎಂದು ಸಹಿ ಹಾಕಿದರೆ ಅವರೂ ಆ ಸಹಿಯಲ್ಲಿ ಹೋಗುತ್ತಾರೆ. ಇನ್ನು ಕಾಗದದ ಭರವಸೆ. 1994ರಲ್ಲಿ ಉಕ್ರೇನ್ ತನ್ನಲ್ಲಿದ್ದ ಸೋವಿಯತ್ ಕಾಲದ ಅಣ್ವಸ್ತ್ರಗಳನ್ನು ಬಿಟ್ಟುಕೊಟ್ಟಾಗ ಅದರ ಗಡಿಯನ್ನು ಗೌರವಿಸುತ್ತೇವೆಂದು ಬುಡಾಪೆಸ್ಟ್‌ನಲ್ಲಿ ಬರೆದುಕೊಟ್ಟವರು ಅಮೆರಿಕ, ಬ್ರಿಟನ್ ಮತ್ತು ರಷ್ಯಾ. 2014 ಮತ್ತು 2015ರಲ್ಲಿ ಮಿನ್ಸ್ಕ್‌ನಲ್ಲಿ ಎರಡು ಸಲ ಕದನವಿರಾಮದ ಒಪ್ಪಂದವಾಯಿತು. ಕಾಯುವವರಿಲ್ಲದ ಗೆರೆ ಏನಾಗುತ್ತದೆಂದು ಉಕ್ರೇನಿನವರಿಗೆ ಪಾಠ ಹೇಳಬೇಕಿಲ್ಲ.

ಹಾಗಾಗಿ ನನ್ನ ಅಭಿಪ್ರಾಯ ಇಷ್ಟು: ಸೇನೆಗಳು ನಿಂತಲ್ಲೇ ನಿಲ್ಲಿಸಿ ಗುಂಡು ನಿಲ್ಲಿಸುವುದಾದರೆ ಅದನ್ನು ಒಪ್ಪುವುದರಲ್ಲಿ ಸೋಲಿಲ್ಲ, ಬೆನ್ನಿಗೆ ಪಡೆ ಮತ್ತು ಆಯುಧಗಳ ನಿಜವಾದ ಖಾತರಿ ಇದ್ದರೆ. ಹೋದ ನೆಲ ಹೋಯಿತು ಎಂದು ಕಾಗದದ ಮೇಲೆ ಒಪ್ಪಬೇಕಾದ ಅಗತ್ಯ ಆಗ ಬರುವುದಿಲ್ಲ, ಕೊರಿಯಾ ಒಪ್ಪಿಲ್ಲ. ಶತ್ರುವಿಗೆ ದಕ್ಕದ ಕೋಟೆಗಳನ್ನು ಶಾಂತಿಯ ಹೆಸರಿನಲ್ಲಿ ಬಿಟ್ಟುಕೊಡುವುದು ಮಾತ್ರ ಬೇರೆಯೇ ಮಾತು. ಅದನ್ನು ಮಾಡಿದವರು ಎರಡನೇ ಸಲ ಮಾತುಕತೆಗೆ ಕೂರುವಷ್ಟು ದಿನ ಉಳಿದಿಲ್ಲ.

ನೆಲ ಕೊಡುವುದಿದ್ದರೂ ಅದನ್ನು ಅಧ್ಯಕ್ಷ ಝೆಲೆನ್‌ಸ್ಕಿ ಒಬ್ಬರೇ ಕೊಡುವಂತಿಲ್ಲ. ನಮ್ಮಲ್ಲಿ ಬೇರುಬಾರಿ ಪ್ರಕರಣದಲ್ಲಿ, ಒಂದು ಗ್ರಾಮದಷ್ಟು ಜಾಗವನ್ನು ಪಾಕಿಸ್ತಾನಕ್ಕೆ ಬಿಟ್ಟುಕೊಡಲೂ ಸಂವಿಧಾನವನ್ನೇ ತಿದ್ದಬೇಕೆಂದು ಸುಪ್ರೀಂ ಕೋರ್ಟ್ 1960ರಲ್ಲಿ ಹೇಳಿತ್ತು. ಉಕ್ರೇನಿನ ಸಂವಿಧಾನ ಇನ್ನೂ ಬಿಗಿಯಾಗಿದೆ. ದೇಶದ ಗಡಿ ಬದಲಿಸುವ ಪ್ರಶ್ನೆಯನ್ನು ಇಡೀ ದೇಶದ ಜನಮತಗಣನೆಯಿಂದಲೇ ತೀರ್ಮಾನಿಸಬೇಕು ಎನ್ನುತ್ತದೆ ಅದರ 73ನೇ ವಿಧಿ. ಸೇನಾ ಕಾನೂನು ಜಾರಿಯಲ್ಲಿರುವಾಗ ಅಂಥ ಜನಮತಗಣನೆ ನಡೆಸುವಂತಿಲ್ಲ. ಅಂದರೆ, ಆ ಮತ ಚಲಾಯಿಸಬೇಕಾದರೂ ಮೊದಲು ಗುಂಡಿನ ಸದ್ದು ನಿಲ್ಲಬೇಕು.